ಬೆಳೆಯೋ ಕಾಲಿಗೆ ಎರಡು ಬೊಟ್ಟು

ಮೊನ್ನೆ ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಹುಲಿಗೆಮ್ಮ ನನ್ನ ಹೊಸ ಕಸಬರಿಗೆಯಿಂದ ಒಂದು ಕಡ್ಡಿಯನ್ನು ಎಳೆದುಕೊಂಡಳು. ಜೊತೆಗೆ ಬಂದಿದ್ದ ಮೊಮ್ಮಗನನ್ನು ಬಚ್ಚಲ ಕಟ್ಟೆಯ ಮೇಲೆ ನಿಲ್ಲಿಸಿ, ಅವನ ಹಿಮ್ಮಡಿಯಿಂದ ಹೆಬ್ಬೆರಳಿನ ತನಕ ಕಡ್ಡಿ ಹಿಡಿದು, ಅದರ ಮುಂದೆ ತನ್ನ ಎರಡು ಬೆರಳನ್ನು ಅಡ್ಡಡ್ಡ ಇಟ್ಟು, ಲಟಕ್ಕನೆ ಮುರಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಏನದು ಹುಲಿಗೆಮ್ಮ?" ಎಂದೆ.

"ಕಾಲಿನ ಅಳತಿರಿ ಅಕ್ಕೋರ. ನಾಳಿ ಸಂತ್ಯಾಗ ಇವಂಗೊಂದು ಜೋಡು ಚಪ್ಪಲಿ ತರಬೇಕು."

"ಹುಡುಗನೇ ಇದ್ದಾನಲ್ಲ, ಅವನನ್ನೇ ಕರಕೊಂಡು ಹೋಗು."

"ಅಯ್ಯ, ಇವನ್ನ ಸಂತಿಗಿ ಕರ್ಕಂಡು ಹೋದ್ರ ಚಪ್ಪಲಿ ಒಂದು ಬಿಟ್ಟು ಎಲ್ಲಾ ಬೇಡ್ತಾನ್ರಿ. ಎರಡು ಬೊಟ್ಟು ಹೆಚ್ಚಿಗೀನ ಮುರದೀನಿ. ಬೆಳಿಯೋ ಕಾಲು ಅಲ್ಲೇನ್ರಿ?"

ನನಗೆ ನಗು ಒತ್ತಿಕೊಂಡು ಬಂತು. ಸಣ್ಣ ನಗುವಲ್ಲ, ಕಣ್ಣಲ್ಲಿ ನೀರು ಬರುವಂಥದು. ಹುಲಿಗೆಮ್ಮ ಮುಖ ಊದಿಸಿಕೊಂಡು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದಳು. ಯಾಕೆ ನಕ್ಕೆನೆಂದು ಅವಳಿಗೆ ಹೇಳಬೇಕೆಂದುಕೊಂಡೆ, ಆಗಲಿಲ್ಲ. ಅವಳಿಗೆ ಇನ್ನೂ ಮೂರು ಮನೆಯ ಪಾತ್ರೆ ಬಾಕಿ ಇತ್ತು. ನಿಮಗಾದರೆ ಪುರುಸೊತ್ತು ಇರುವಂತೆ ಕಾಣುತ್ತದೆ, ಕೇಳಿ.

ನಮ್ಮ ಕಡೆಯವರು ಮಕ್ಕಳಿಗೆ ಏನೇ ಕೊಂಡರೂ ಈ ವರ್ಷದ ಮಗುವಿಗೆ ಕೊಳ್ಳುವುದಿಲ್ಲ, ಮುಂದಿನ ವರ್ಷದ ಮಗುವಿಗೆ ಕೊಳ್ಳುತ್ತಾರೆ. ಕೊಟ್ಟೂರಿನಲ್ಲಿ ನಾನು ಒಂದನೇ ಕ್ಲಾಸಿಗೆ ಸೇರಿದಾಗ ನಮ್ಮಪ್ಪ ದರ್ಜಿಗೆ ಹೇಳಿದ್ದು ಒಂದೇ ಮಾತು: "ಬೆಳಿಯೋ ಹುಡುಗಿ, ಒಳಗ ಬಟ್ಟಿ ಬಿಡಪ." ದರ್ಜಿ ಧಾರಾಳವಾಗಿ ಬಿಟ್ಟ. ನನ್ನ ನೀಲಿ ಲಂಗದ ಒಳಗೆ ಮೂರು ಮಡಿಕೆಗಳಿದ್ದವು. ವರ್ಷಕ್ಕೊಂದು ಮಡಿಕೆ ಬಿಚ್ಚಿದಂತೆ ಕೆಳಗಡೆ ಹೊಸ ಬಣ್ಣದ ಪಟ್ಟಿ ಹೊರಬೀಳುತ್ತಿತ್ತು. ನಾಲ್ಕನೇ ಕ್ಲಾಸಿನ ಹೊತ್ತಿಗೆ ಒಂದೇ ಲಂಗಕ್ಕೆ ನಾಲ್ಕು ನೀಲಿ. ಅದು ನನ್ನ ಮೈಗೆ ಸರಿಯಾಗಿ ಕೂತಿತು ಅನ್ನುವ ದಿನ ಬರುವಷ್ಟರಲ್ಲಿ ಮಸಿಬಟ್ಟೆಯಾಗಿ ಒಲೆಯ ಪಕ್ಕ ಸೇರಿತ್ತು. ಇಷ್ಟೆಲ್ಲ ಮಾಡಿ ನಾನು ಬೆಳೆದದ್ದಾದರೂ ಎಷ್ಟು? ಇವತ್ತಿಗೂ ಅಟ್ಟದ ಮೇಲಿನ ಡಬ್ಬಿ ತೆಗೆಯಲು ಸ್ಟೂಲು ಬೇಕು. ಅಪ್ಪ ನನ್ನ ಮೇಲೆ ಇಟ್ಟಿದ್ದ ನಂಬಿಕೆಯಲ್ಲಿ ಅರ್ಧದಷ್ಟು ಬಟ್ಟೆ ದಂಡವಾಯಿತು.

ಇರಲಿ, ನಾನು ಹೇಳಹೊರಟದ್ದು ಕೂಡ್ಲಿಗಿಯ ಮಾತು. ತೊಂಬತ್ತೆಂಟೋ ತೊಂಬತ್ತೊಂಬತ್ತೋ ಇರಬೇಕು. ಟೀಸಿಎಚ್ ಮುಗಿಸಿ, ಗುಡೇಕೋಟೆಯ ದಾರಿಯಲ್ಲಿರುವ ಒಂದು ಸಣ್ಣ ಹಟ್ಟಿಯ ಶಾಲೆಯಲ್ಲಿ ತಾತ್ಕಾಲಿಕ ಟೀಚರಾಗಿ ಸೇರಿದ್ದೆ. ಒಂದೇ ಕೋಣೆ, ಮೂವತ್ತೊಂದು ಮಕ್ಕಳು, ಅರ್ಧ ಕರಿಹಲಗೆ. ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಇರುವುದು ಕೂಡ್ಲಿಗಿಯಲ್ಲಿ, ನರ್ಸಮ್ಮನ ಮನೆಯ ಮುಂದಿನ ಕೋಣೆಯಲ್ಲಿ.

ನರ್ಸಮ್ಮ ಎಂದರೆ ಸುಗುಣಮ್ಮ. ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಕೊಟ್ಟೂರು, ಹಡಗಲಿ, ಹರಪನಹಳ್ಳಿ ಅಂತ ಸುತ್ತಿ, ಊರೂರಿನ ಮಕ್ಕಳನ್ನು ತಲೆಕೆಳಗೆ ಹಿಡಿದು ಬೆನ್ನಿಗೆ ಬಾರಿಸಿ ಮೊದಲ ಅಳು ಅಳಿಸಿದವರು. ಅವರಲ್ಲಿ ನಾನೂ ಒಬ್ಬಳು. "ಲೇ ಶಾಂತಾ, ನಿನ್ನ ಮೊದ್ಲು ಹೊಡದಾಕಿ ನಾನ. ಈಗ ಹೊಡಿಯೋದೇನು ಕಷ್ಟಲ್ಲ" ಎನ್ನುತ್ತಿದ್ದರು, ನಾನು ಹಿತ್ತಲ ಬಾಗಿಲು ಹಾಕಲು ಮರೆತಾಗಲೆಲ್ಲ. ನಮ್ಮವ್ವನಿಗೆ ಮಾತ್ರ ಚಿಂತೆ: "ಕಿರಸ್ತಾನರ ಮನ್ಯಾಗ ಅದೀಯವ್ವ, ಉಣ್ಣಾಕ ಏನ್ ಮಾಡ್ತಿ?" ಅದಕ್ಕೇ ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಕಟಿರೊಟ್ಟಿ, ಶೇಂಗಾ ಚಟ್ನಿ ಕಳಿಸುತ್ತಿದ್ದಳು. ಅದರಲ್ಲಿ ಮುಕ್ಕಾಲು ಪಾಲು ತಿನ್ನುತ್ತಿದ್ದವರು ನರ್ಸಮ್ಮನೇ.

ಡಿಸೆಂಬರ್ ಬಂತೆಂದರೆ ನರ್ಸಮ್ಮನ ಮನೆಯ ಮುಂದಿನ ಬೇವಿನ ಮರಕ್ಕೆ ಕಾಗದದ ನಕ್ಷತ್ರ ತೂಗುತ್ತಿತ್ತು. ದಾರಿಯಲ್ಲಿ ಹೋಗುವವರು "ದೀಪಾವಳಿ ಮುಗದು ತಿಂಗಳಾತಲ್ರಿ ನರ್ಸಮ್ಮ, ಇನ್ನೂ ಆಕಾಶಬುಟ್ಟಿ ಇಳಿಸಿಲ್ಲೇನ್ರಿ?" ಎಂದು ಕೇಳುತ್ತಿದ್ದರು. "ನಮ್ಮ ದೀಪಾವಳಿ ತಡ ಆಗಿ ಬರ್ತೈತಪ" ಅನ್ನುವರು. ಅಲ್ಯುಮಿನಿಯಂ ಪಾತ್ರೆಯಲ್ಲಿ ಮರಳು ಹಾಕಿ ಅದರೊಳಗೆ ಇನ್ನೊಂದು ಪಾತ್ರೆ ಇಟ್ಟು ಕೇಕು ಸುಡುತ್ತಿದ್ದರು. ಆ ಕೇಕಿನಲ್ಲಿ ಒಮ್ಮೊಮ್ಮೆ ಮರಳೂ ಸಿಗುತ್ತಿತ್ತು, ಆದರೆ ಹೇಳುವ ಧೈರ್ಯ ಯಾರಿಗಿತ್ತು?

ಪ್ರತಿ ಕ್ರಿಸ್‌ಮಸ್‌ಗೆ ಒಂದೊಂದು ಹಳ್ಳಿಯ ಬಡ ಮಕ್ಕಳಿಗೆ ಉಡುಗೊರೆ ಕೊಡುವುದು ಅವರ ಪದ್ಧತಿ. ಯಾವ ಸಂಘವೂ ಇಲ್ಲ, ಸಂಸ್ಥೆಯೂ ಇಲ್ಲ. ತಮ್ಮ ಪಿಂಚಣಿ, ಜೊತೆಗೆ ಪರಿಚಯದವರು ಕೈಲಾದಷ್ಟು ಕೊಟ್ಟದ್ದು. ಕೊಡುವಾಗ ಒಂದೇ ಒಂದು ಕಟ್ಟಪ್ಪಣೆ: ಮಕ್ಕಳಿಗೆ ಕೊಟ್ಟದ್ದು ಮಕ್ಕಳೇ ಬಳಸಬೇಕು, ದೊಡ್ಡವರು ಕೈ ಹಚ್ಚಕೂಡದು. ಈ ಕಟ್ಟಪ್ಪಣೆಗೆ ಕಾರಣ ಒಂದು ಮೇಕೆ. ಮೊದಲ ಸಲ ಚಿಗಟೇರಿ ಕಡೆಯ ಒಂದು ಊರಿನಲ್ಲಿ ಮಕ್ಕಳಿಗೆ ಉಣ್ಣೆಯ ಸ್ವೆಟರ್ ಹಂಚಿ, ವಾರದ ಮೇಲೆ ನೋಡಲು ಹೋದರೆ ಒಂದು ಸ್ವೆಟರು ಹೊಸದಾಗಿ ಹುಟ್ಟಿದ ಮೇಕೆಮರಿಯ ಮೈಮೇಲಿತ್ತಂತೆ. ಮುಂದಿನೆರಡು ಕಾಲು ತೋಳಿನೊಳಗೆ ಸರಿಯಾಗಿ ಕೂತಿದ್ದವಂತೆ. "ಮಗಿಗಿಂತ ಅದಕ್ಕ ಚಲೋ ಕಾಣ್ತಿತ್ತು, ಅದs ನನಗ ಸಿಟ್ಟು" ಎಂದು ನರ್ಸಮ್ಮ ಹೇಳುತ್ತಿದ್ದರು.

ಆ ವರ್ಷ ನನ್ನ ಶಾಲೆಯ ಸರದಿ. ಏನು ಕೊಡೋಣ ಎಂಬ ಮಾತು ಬಂದಾಗ ನಾನು ಚಪ್ಪಲಿ ಎಂದೆ. ಅದಕ್ಕೂ ಒಂದು ಕಾರಣವಿತ್ತು. ಅದರ ಹೆಸರು ಬೊಮ್ಮಿ.

ಬೊಮ್ಮಿ ಮೂರನೇ ಕ್ಲಾಸಿನ ಹುಡುಗಿ. ಹಾಜರಿ ಪುಸ್ತಕದಲ್ಲಿ ಮಾತ್ರ. ಕ್ಲಾಸಿನಲ್ಲಿ ಅವಳನ್ನು ನಾನು ಕಂಡೇ ಇರಲಿಲ್ಲ. ಕಂಡದ್ದೆಲ್ಲ ಬಸ್ಸಿನ ಕಿಟಕಿಯಿಂದ, ಆರು ಮೇಕೆಗಳ ಹಿಂದೆ. ಒಂದು ಸಂಜೆ ಅವಳ ಗುಡಿಸಲಿಗೇ ಹೋದೆ. ಅಪ್ಪ ಕಾಫಿ ಸೀಮೆಗೆ ಕೂಲಿಗೆ ಹೋಗಿದ್ದ. ತಾಯಿ ತಿಪ್ಪಮ್ಮ ಬಾಗಿಲಲ್ಲಿ ಒಂದು ಕಾಲು ಚಾಚಿಕೊಂಡು ಯಾರದೋ ಶೇಂಗಾ ಬಿಡಿಸುತ್ತಿದ್ದಳು. ಹಿಮ್ಮಡಿಗೆ ಬಟ್ಟೆ ಸುತ್ತಿತ್ತು. ಎರಡು ತಿಂಗಳ ಹಿಂದೆ ಬಳ್ಳಾರಿ ಜಾಲಿಯ ಮುಳ್ಳು ಹೊಕ್ಕು, ಒಳಗೇ ಮುರಿದು, ಕೀವಾಗಿ, ಕೊನೆಗೆ ನಮ್ಮ ನರ್ಸಮ್ಮನೇ ಅದನ್ನು ತೆಗೆದದ್ದು. ಗಾಯ ಮೇಲೆ ಮಾಗಿತ್ತು. ಆದರೆ "ಬರಿಗಾಲಾಗ ಅಡವಿ ತುಳದೀ ಅಂದ್ರ ಕಾಲs ಹೋಗ್ತೈತಿ ನೋಡು" ಎಂದು ನರ್ಸಮ್ಮ ಹೆದರಿಸಿದ್ದರಿಂದ ತಿಪ್ಪಮ್ಮ ಹೊಸ್ತಿಲು ದಾಟಿರಲಿಲ್ಲ.

ನಾನು ಶಿಕ್ಷಣದ ಮಹತ್ವದ ಬಗ್ಗೆ ಒಂದು ಭಾಷಣ ಬಿಗಿದೆ. ತರಬೇತಿಯಲ್ಲಿ ಕಲಿತದ್ದನ್ನೆಲ್ಲ ಬಿಟ್ಟೂಬಿಡದೆ ಹೇಳಿದೆ. ತಿಪ್ಪಮ್ಮ ಶೇಂಗಾ ಬಿಡಿಸುತ್ತಲೇ "ಹೌದ್ರಿ, ಖರೇವ್ರಿ" ಎಂದಳು. ಬೊಮ್ಮಿ ಗುಡಿಸಲ ಕಂಬಕ್ಕೆ ಒರಗಿ ನನ್ನ ಕಾಲನ್ನೇ ನೋಡುತ್ತಿದ್ದಳು. ನನ್ನ ಕಾಲಲ್ಲಿ ಹೊಸ ಸ್ಯಾಂಡಲ್ ಇದ್ದವು.

ಓಹೋ, ಇದೋ ವಿಷಯ ಎಂದುಕೊಂಡೆ. "ಬೊಮ್ಮಿ, ಕ್ರಿಸ್‌ಮಸ್‌ಗೆ ಚಪ್ಪಲಿ ಕೊಡಿಸಿದ್ರೆ ಸಾಲಿಗೆ ಬರ್ತೀಯೇನು?"

ಅವಳು ತಾಯಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಗಟ್ಟೀವು ಕೊಡಸ್ತೀರೇನ್ರಿ? ಮುಳ್ಳು ಹೊಗಬಾರ್ದು."

"ಗಟ್ಟಿಯವೇ."

"ಹಂಗಾರ ಬರ್ತೀನ್ರಿ."

ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತ ಅಜ್ಜಿಗೂ ಅದನ್ನು ಹೇಳಿದೆ. ಒಂದು ಮಗುವನ್ನು ಶಾಲೆಗೆ ತಂದೆ ಅಂತ. ಇನ್ನೂ ತಂದಿರಲಿಲ್ಲ ಎಂಬುದು ಬೇರೆ ಮಾತು.

ಗಟ್ಟಿ ಚಪ್ಪಲಿ ಎಂದರೆ ನಮ್ಮ ಕಡೆ ಟಯರ್ ಚಪ್ಪಲಿ. ಹವಾಯಿ ಚಪ್ಪಲಿಯನ್ನು ಜಾಲಿ ಮುಳ್ಳು ಬೆಣ್ಣೆಗೆ ಸೂಜಿ ಚುಚ್ಚಿದ ಹಾಗೆ ದಾಟಿಬಿಡುತ್ತದೆ. ಹಳೆಯ ಲಾರಿ ಟಯರನ್ನು ಕೊಯ್ದು ಅಟ್ಟೆ ಮಾಡಿ, ಮೇಲೆ ಪಟ್ಟಿ ಹೊಡೆದು, ಕಾಲಿನ ಅಳತೆಗೇ ತಯಾರು ಮಾಡುವ ಇಮಾಮ್ ಸಾಬರು ಬಸ್‌ಸ್ಟ್ಯಾಂಡಿನ ಹಿಂದೆ ಕೂರುತ್ತಿದ್ದರು. ಅವರಿಗೆ ಅಳತೆ ಬೇಕು. ಮಕ್ಕಳಿಗೆ "ನಾಳೆ ಎಲ್ಲರೂ ಕಾಲಿನ ಅಳತೆ ಕಡ್ಡಿ ತನ್ನಿ" ಎಂದೆ. ತಂದವು. ಕಸಬರಿಗೆ ಕಡ್ಡಿ, ಜೋಳದ ದಂಟು, ಬೇವಿನ ಕಡ್ಡಿ, ಒಬ್ಬನಂತೂ ಅಪ್ಪನ ಬೀಡಿಕಟ್ಟಿನ ದಾರ. ಬೊಮ್ಮಿ ಮೇಕೆ ಹೊಡೆದುಕೊಂಡು ಹೋಗುವಾಗ ಕಿಟಕಿಯಿಂದಲೇ ತನ್ನ ಕಡ್ಡಿ ಒಳಗೆ ಎಸೆದು ಹೋದಳು. ಅದು ಎಲ್ಲದಕ್ಕಿಂತ ಉದ್ದ, ಐದನೇ ಕ್ಲಾಸಿನ ಗಂಡುಹುಡುಗರ ಕಡ್ಡಿಗಿಂತಲೂ ಉದ್ದ. ತಿಪ್ಪಮ್ಮನಿಗೆ ಮಗಳು ಬೆಳೆಯುತ್ತಾಳೆಂಬ ಭರವಸೆ ಜಾಸ್ತಿ ಎಂದು ನಕ್ಕು, ಅದಕ್ಕೂ ಹೆಸರಿನ ಚೀಟಿ ಕಟ್ಟಿದೆ.

ಇಲ್ಲಿ ನನ್ನ ಬುದ್ಧಿವಂತಿಕೆ ಶುರುವಾಯಿತು. ಸೊಟ್ಟ ಪಟ್ಟ ಕಡ್ಡಿಗಳನ್ನು ಸಾಬರಿಗೆ ಕೊಡುವುದು ಟೀಚರಿಗೆ ಶೋಭೆಯಲ್ಲ ಎನಿಸಿತು. ಭಾನುವಾರ ಕೂತು, ನರ್ಸಮ್ಮನ ಕಸಬರಿಗೆಯ ಕಡ್ಡಿಗಳನ್ನೇ ಎಳೆದು, ಮೂವತ್ತೊಂದು ಹೊಸ ಅಳತೆ ಕಡ್ಡಿ ಮಾಡಿದೆ. ಮಾಡುವಾಗ ಪ್ರತಿಯೊಂದಕ್ಕೂ ಒಂದು ಬೊಟ್ಟು ಸೇರಿಸಿದೆ. ಬೆಳೆಯೋ ಕಾಲಲ್ಲವೇ! ತಾಯಂದಿರು ಆಗಲೇ ಎರಡೆರಡು ಬೊಟ್ಟು ಸೇರಿಸಿರುತ್ತಾರೆ ಎಂಬುದು ನಾಲ್ಕು ನೀಲಿಯ ಲಂಗ ಉಟ್ಟು ಬೆಳೆದ ನನಗೇ ಹೊಳೆಯಲಿಲ್ಲ ನೋಡಿ. ಹೊಳೆದದ್ದು ಒಂದೇ: ಸಂಜೆ ನರ್ಸಮ್ಮ ಬೋಳು ಕಸಬರಿಗೆ ಹಿಡಿದು ಬಂದಾಗ ಎಲ್ಲಿ ಅವಿತುಕೊಳ್ಳುವುದು ಎಂದು.

ಇಮಾಮ್ ಸಾಬರು ಕಡ್ಡಿಗಳ ಕಟ್ಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ನೀವು ಚಿಂತಿ ಬಿಡ್ರಿ ಟೀಚರಮ್ಮ, ಬರೋಬರಿ ಮಾಡಿ ಕೊಡ್ತೀನಿ" ಎಂದರು.

ಕ್ರಿಸ್‌ಮಸ್ ದಿನ ಪ್ರಾರ್ಥನೆ ಮುಗಿಸಿ ನರ್ಸಮ್ಮ ಹಸಿರು ರೇಷ್ಮೆ ಸೀರೆಯಲ್ಲಿ ಹೊರಟರು. ಟೆಂಪೋದಲ್ಲಿ ನಾನು, ಒಂದು ಡಬ್ಬಿ ಕೇಕು, ಎರಡು ಚೀಲ ಚಪ್ಪಲಿ, ಮತ್ತು ಇಮಾಮ್ ಸಾಬರು. ತಮ್ಮ ಕೈಕೆಲಸ ಮಕ್ಕಳ ಕಾಲಲ್ಲಿ ಹೇಗೆ ಕಾಣುತ್ತದೆಂದು ನೋಡುವ ಆಸೆ ಅವರಿಗೆ. ಎಲ್ಲಿ ಹೋದರೂ ಹತಾರದ ಚೀಲ ಬಿಡದ ಮನುಷ್ಯ, ಅಂದೂ ಅದನ್ನು ಹೆಗಲಿಗೆ ಹಾಕಿಕೊಂಡೇ ಬಂದಿದ್ದರು.

ಶಾಲೆಯ ಮುಂದೆ ಮಕ್ಕಳು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಸಾಲಾಗಿ ಕೂತಿದ್ದವು. ಹಿಂದೆ ತಾಯಂದಿರು. ಬೊಮ್ಮಿ ಅವತ್ತು ಮೇಕೆಗಳನ್ನು ದೊಡ್ಡಿಯಲ್ಲೇ ಬಿಟ್ಟು ಬಂದು ಮೊದಲ ಸಾಲಿನಲ್ಲೇ ಇದ್ದಳು. ನಾನು ಹೆಸರು ಕರೆದೆ, ನರ್ಸಮ್ಮ ಒಬ್ಬೊಬ್ಬರ ಕೈಗೂ ಒಂದು ಜೊತೆ ಕೊಟ್ಟರು. ಎಲ್ಲರೂ ಒಟ್ಟಿಗೆ ಹಾಕಿಕೊಳ್ಳಿ ಎಂದರು. ಹಾಕಿಕೊಂಡವು. ಎದ್ದು ನಡೆಯಿರಿ ಎಂದರು. ನಡೆಯಲು ಹೋದವು.

ಟಪ್, ಟಪಾರ್, ಧಡ್. ಒಂದನೇ ಕ್ಲಾಸಿನ ಹುಡುಗ ಎರಡು ಹೆಜ್ಜೆ ಮುಂದೆ ಹೋದ, ಅವನ ಚಪ್ಪಲಿ ಹಿಂದೆಯೇ ಉಳಿದವು. ಒಬ್ಬಳು ಚಪ್ಪಲಿಯೊಳಗೇ ತಿರುಗಿ ನಿಂತಳು, ಚಪ್ಪಲಿ ತಿರುಗಲಿಲ್ಲ. ಮೂರು ಮಂದಿ ಒಬ್ಬರ ಮೇಲೊಬ್ಬರು ಬಿದ್ದರು. ತಾಯಂದಿರು ಸೆರಗು ಬಾಯಿಗೆ ಹಿಡಿದು ನಕ್ಕರು. ನರ್ಸಮ್ಮ ಮಾತ್ರ ನಗಲಿಲ್ಲ.

"ಇಮಾಮ್ ಸಾಬ್, ಏನಿದು? ಇವು ಮಕ್ಕಳ ಚಪ್ಪಲೋ, ದೋಣಿಗಳೋ?"

"ಅಳತಿ ಪ್ರಕಾರನ ಮಾಡೀನ್ರಿ ಅಮ್ಮಾ, ಖುದಾ ಕಸಮ್" ಎಂದರು ಸಾಬರು. ಆಮೇಲೆ ದನಿ ಇಳಿಸಿ, "ಒಂದs ಒಂದು ಬೊಟ್ಟು ಜಾಸ್ತಿ ಬಿಟ್ಟೀನಿ. ಬಚ್ಚೇ ಲೋಗ್ ಅಲ್ರಿ, ಬೆಳಿತಾವು."

ನರ್ಸಮ್ಮ ನನ್ನತ್ತ ತಿರುಗಿದರು. ಆಸ್ಪತ್ರೆಯಲ್ಲಿ ಸುಳ್ಳು ಹೇಳುವ ರೋಗಿಗಳನ್ನು ನೋಡಿ ಪಳಗಿದ ಕಣ್ಣು. "ನಾನೂ ಒಂದು ಬೊಟ್ಟು..." ಎಂದೆ. ಅವರು ತಾಯಂದಿರ ಕಡೆ ನೋಡಿದರು. ಅಲ್ಲಿ ಎಲ್ಲರೂ ನೆಲ ನೋಡುತ್ತಿದ್ದರು. ಒಬ್ಬಳು ಮೆಲ್ಲಗೆ ಎರಡು ಬೆರಳು ಎತ್ತಿ ತೋರಿಸಿದಳು.

"ಎರಡು, ಒಂದು, ಒಂದು, ನಾಕು ಬೊಟ್ಟು! ಲೇ, ಈ ಮಕ್ಕಳು ಬೆಳದು, ಮದಿವಿ ಆಗಿ, ಅವರ ಮಕ್ಕಳಿಗೂ ಸಾಕಾಗ್ತಾವಲ್ಲೋ!" ಎಂದ ನರ್ಸಮ್ಮನಿಗೆ ತಮ್ಮ ಮಾತಿಗೆ ತಮಗೇ ನಗು ಬಂತು. ಅವರು ನಕ್ಕ ಮೇಲೆ ನಾವೆಲ್ಲ ಉಸಿರು ಬಿಟ್ಟೆವು.

ಇಮಾಮ್ ಸಾಬರು ಸೋಲುವವರಲ್ಲ. ಕಟ್ಟೆಯ ಮೇಲೆ ಕೂತು ಹತಾರದ ಚೀಲ ಬಿಚ್ಚಿದರು. "ಟಯರ್ ಐತ್ರಿ, ಕೊಯ್ದ್ರ ಆತು. ಒಬ್ಬೊಬ್ರ ಬರ್ರಿ." ಮಗು ಬಂದು ಚಪ್ಪಲಿಯ ಮೇಲೆ ಕಾಲಿಡುವುದು, ಸಾಬರು ಹಿಮ್ಮಡಿಯ ಹಿಂದೆ ಸೀಮೆಸುಣ್ಣದಿಂದ ಗೆರೆ ಎಳೆಯುವುದು, ಕತ್ತಿಯನ್ನು ನೀರಿಗೆ ಅದ್ದಿ ಹೆಚ್ಚಾದದ್ದನ್ನು ಕೊಯ್ಯುವುದು. ನಾನು ನೀರಿನ ತಂಬಿಗೆ ಹಿಡಿದು ನಿಂತೆ. ಮಾಡಿದ ತಪ್ಪಿಗೆ ಅದೇ ಶಿಕ್ಷೆ. ಕೊಯ್ದ ತುಂಡುಗಳಿಗೆ ಗಂಡುಹುಡುಗರು ಕಿತ್ತಾಡಿದರು. ಎಲ್ಲರಿಗೂ ಕೇಕು, ನಗು, ಗದ್ದಲ. ಅಂಥ ಕ್ರಿಸ್‌ಮಸ್ಸನ್ನು ನಾನು ಮತ್ತೆ ನೋಡಿಲ್ಲ.

ಮೂವತ್ತು ಜೊತೆ ಮುಗಿಯಿತು. ಉಳಿದವಳು ಬೊಮ್ಮಿ. ಅವಳು ಚಪ್ಪಲಿಗಳನ್ನು ಎದೆಗವಚಿಕೊಂಡು ಹಿಂದೆ ಹಿಂದೆ ಸರಿಯುತ್ತಿದ್ದಳು.

"ಬಾರೇ, ಕೊಯ್ದು ಕೊಡ್ತಾರೆ" ಎಂದೆ.

"ಬ್ಯಾಡ್ರಿ. ನಂವು ಸರಿ ಅದಾವು."

"ಎಲ್ಲಿ ಸರಿ? ನಿನ್ನ ಮೊಳಕೈ ಉದ್ದ ಇವೆ! ಕೊಡಿಲ್ಲಿ."

ನಾನು ಒಂದು ತುದಿ ಹಿಡಿದು ಎಳೆದೆ, ಅವಳು ಇನ್ನೊಂದು ತುದಿ ಎಳೆದಳು. ಒಳ್ಳೆಯ ಟೀಚರು ಮಗುವಿನ ಮನಸ್ಸನ್ನು ಅರಿಯಬೇಕು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ನಾನು, ಹಟ್ಟಿಯ ಎದುರು ಒಂಬತ್ತು ವರ್ಷದ ಹುಡುಗಿಯ ಜೊತೆ ಹಗ್ಗಜಗ್ಗಾಟ ಆಡಿದೆ.

"ಕೊಯ್ಯಬ್ಯಾಡ್ರಿ! ಕೊಯ್ಯಬ್ಯಾಡ್ರಿ ಟೀಚರ್!" ಎಂದು ಕಿರುಚಿ, ಅಳುತ್ತಾ, ಕೈ ಕೊಸರಿಕೊಂಡು, ಚಪ್ಪಲಿಗಳನ್ನು ಕಂಕುಳಲ್ಲಿ ಅವುಚಿಕೊಂಡು ಬರಿಗಾಲಲ್ಲಿ ಓಡಿಯೇಬಿಟ್ಟಳು. ಕೇಕನ್ನೂ ತಿನ್ನಲಿಲ್ಲ.

ನರ್ಸಮ್ಮನ ಮುಖ ಗಂಟಾಯಿತು. "ಮಾರ್ಕೋತಾರ ನೋಡು. ದೊಡ್ಡವರ ಅಳತಿ ಐತಿ, ಸಂತ್ಯಾಗ ಯಾರಾರ ತಗೋತಾರ. ಸಾಲಿ ಸುರು ಆದ ದಿನ ನಾನೂ ಬರ್ತೀನಿ, ಕೇಳಿಬಿಡ್ತೀನಿ ತಿಪ್ಪಮ್ಮನ್ನ." ಚಪ್ಪಲಿ ಹೋದರೆ ಹೋಗಲಿ, ಬೊಮ್ಮಿ ಇನ್ನು ಶಾಲೆಯ ಕಡೆ ತಲೆಯೂ ಹಾಕುವುದಿಲ್ಲವಲ್ಲ ಎಂದು ನನಗೆ ನಿಜಕ್ಕೂ ಅಳು ಬಂದಿತ್ತು. ಬರುತ್ತೇನೆ ಎಂದಿದ್ದ ಮಗುವನ್ನು ನಾನೇ ಕೈಯಾರೆ ಓಡಿಸಿದ್ದೆ.

ರಜೆ ಮುಗಿದು ಶಾಲೆ ತೆರೆದ ದಿನ ನರ್ಸಮ್ಮ ಹೇಳಿದಂತೆ ನನ್ನ ಜೊತೆ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ತಿಪ್ಪಮ್ಮನಿಗೆ ಏನೇನು ಅನ್ನಬೇಕೆಂದು ತಯಾರಿ ಮಾಡಿಕೊಳ್ಳುತ್ತಿದ್ದರು. ಬಸ್ಸಿಳಿದು ಶಾಲೆಯ ಹತ್ತಿರ ಬಂದರೆ, ಬಾಗಿಲು ತೆರೆಯುವ ಮೊದಲೇ ಕಟ್ಟೆಯ ಮೇಲೆ ಒಬ್ಬಳು ಕೂತಿದ್ದಾಳೆ. ರಸಗೊಬ್ಬರದ ಚೀಲದಿಂದ ಹೊಲಿದ ಪಾಟಿಚೀಲ ಮಡಿಲಲ್ಲಿ. ಕಾಲು ಬರಿದು.

"ಚಪ್ಪಲಿ ಎಲ್ಲೇ?" ನರ್ಸಮ್ಮನದು ಮೊದಲ ಪ್ರಶ್ನೆ.

"ಮೇಕಿ ಹಿಂದ ಹೋಗ್ಯಾವ್ರಿ."

"ಮೇಕಿ ಹಿಂದ? ಯಾರ ಕಾಲಾಗ?"

ಬೊಮ್ಮಿ ನನ್ನನ್ನು ನೋಡಿದಳು. ಈ ಸಲ ಓಡಲಿಲ್ಲ. "ಅವ್ವನ ಕಾಲಾಗ್ರಿ. ಅಳತಿ ಕಡ್ಡಿ ನಂದು ಕೊಟ್ಟಿದ್ದಿಲ್ರಿ, ಅವ್ವ ಮಲಗಿದ್ದಾಗ ಅಕಿಂದು ಹಿಡದು ಮುರದಿದ್ನಿ. ಕೇಳಿದ್ರ ನೀವು ದೊಡ್ಡೋರಿಗೆ ಕೊಡಂಗಿಲ್ಲ ಅಂತೀರಿ. ಬರಿಗಾಲಾಗ ಹೋಗಬ್ಯಾಡ ಅಂತ ನೀವs ಅಂದೀರಂತ ಅವ್ವ ಮನಿ ಬಿಟ್ಟು ಹೋಗಂಗಿಲ್ಲ. ಮೇಕಿ ಉಪಾಸ ಇರ್ತಾವೇನ್ರಿ? ನಾನs ಹೋಗಬೇಕು. ಈಗ ಅವ್ವ ಹೋಗ್ಯಾಳ. ಅದಕ ನಾ ಬಂದೀನ್ರಿ."

ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ನರ್ಸಮ್ಮ ಬಸ್ಸಿನಲ್ಲಿ ತಯಾರಿ ಮಾಡಿಕೊಂಡ ಮಾತುಗಳೆಲ್ಲ ಎಲ್ಲಿ ಹೋದವೋ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ನನ್ನ ಸ್ಥಿತಿಯಂತೂ ಕೇಳಲೇಬೇಡಿ. ಚಾಚಿದ ಆ ಕಾಲನ್ನು ನಾನೇ ಕಣ್ಣಾರೆ ಕಂಡಿದ್ದೆ, ಆರು ಮೇಕೆಗಳನ್ನೂ ಕಂಡಿದ್ದೆ. ಕೂಡಿಸಿ ಲೆಕ್ಕ ಮಾಡಿದವಳು ಮೂರನೇ ಕ್ಲಾಸಿನವಳು. ಅವಳಿಗೆ ನಾನು ಕಲಿಸಬೇಕಿತ್ತು!

"ಅವ್ವಗ ಸರಿ ಆಗ್ಯಾವೇನ?" ಎಂದರು ನರ್ಸಮ್ಮ.

"ಇಲ್ರಿ, ಅಕಿಗೂ ದೊಡ್ಡಾವು ಆಗ್ಯಾವು. ಹಿಂದ ಅರಿವಿ ತುರುಕ್ಕೊಂಡು ಹೋಗ್ಯಾಳ. ನಡದ್ರ ಟಪ್ ಟಪ್ ಅಂತಾವು, ಮೇಕಿ ಬೆದರ್ತಾವ್ರಿ."

ನರ್ಸಮ್ಮ ನಕ್ಕರು. ಎಷ್ಟು ನಕ್ಕರೆಂದರೆ ಕನ್ನಡಕವನ್ನು ಮೂರನೆಯ ಸಲ ತೆಗೆಯಬೇಕಾಯಿತು. "ಮತ್ಯಾಕ ಇಲ್ಲೇ ಕುಂತಿ? ಒಳಗ ನಡಿ. ಟೀಚರ್ ಹಾಜರಿ ಕರೀತಾಳ" ಎಂದು ಅವಳ ಬೆನ್ನಿಗೆ ಒಂದು ಏಟು ಕೊಟ್ಟರು. ಹುಟ್ಟಿದ ಮಕ್ಕಳಿಗೆ ಕೊಡುತ್ತಿದ್ದಂಥದೇ ಇರಬೇಕು.

ನಾನು ಬಾಗಿಲು ತೆರೆದು, ಕುರ್ಚಿಯ ಧೂಳು ಒರೆಸಿ, ಹಾಜರಿ ಪುಸ್ತಕ ಬಿಚ್ಚಿದೆ. ಮೂರನೇ ಕ್ಲಾಸಿನ ಆ ಹೆಸರಿನ ಮುಂದೆ ಜೂನ್‌ನಿಂದ ಒಂದೇ ಸಮನೆ ಗೈರುಹಾಜರಿಯ ಗುರುತು. "ಬೊಮ್ಮ..." ಎಂದೆ. ಹೆಸರು ಪೂರ್ತಿ ಆಗಲು ಅವಳು ಬಿಡಲಿಲ್ಲ.

"ಅದೀನ್ರೀ!"

ಆ ಕೂಗು ಹಟ್ಟಿ ದಾಟಿ ಜಾಲಿ ಅಡವಿಯಲ್ಲಿದ್ದ ಅವಳ ತಾಯಿಗೂ ಕೇಳಿಸಿರಬೇಕು. ನಾನು ಅವಳ ಹೆಸರಿನ ಮುಂದೆ ಮೊದಲನೆಯ ಹಾಜರಿ ಹಾಕಿದೆ. ಗುರುತು ಸ್ವಲ್ಪ ಸೊಟ್ಟಗೆ ಬಿತ್ತು, ತಿದ್ದಲು ಹೋಗಲಿಲ್ಲ.